ಯಾದಿ ಬರದಾಕಿ ಹೆಸರು ಎಲ್ಲದ?

ಹೋದ ತಿಂಗಳು ಎರಡು ರವಿವಾರ ನಮ್ಮ ಮಾಳಗಿ ಮ್ಯಾಲೆ ಹುಡುಗ್ರ ಗದ್ಲ ಕೇಳಿ ಓಣ್ಯಾಗಿನವ್ರು ನನಗ ಕೇಳಿದ್ದೇ ಕೇಳಿದ್ದು. ಎದರಮನಿ ವೈನಿ ಅಂತೂ ಸೀದಾ "ಮಗಳ್ನ ನೋಡ್ಲಿಕ್ಕೆ ಬಂದಿದ್ರೇನ್ರಿ? ನಮಗ ಒಂದ್ ಮಾತು ಹೇಳಲಿಲ್ಲ" ಅಂತ ಸಿಟ್ಟಾದ್ರು. ಇಲ್ರೀ ವೈನಿ, ಯಾರೂ ನೋಡ್ಲಿಕ್ಕೆ ಬಂದಿರಲಿಲ್ಲ. ಹೆಣ್ಣು ನೋಡೋವ್ರು ಮುಂಜಾನೆ ಆರೂವರಿಗೆ ಥರ್ಮಾಕೋಲ್ ಶೀಟ್ ಹಿಡ್ಕೊಂಡು ಬರ್ತಾರೇನು? ಅದು ಮಗಳ ಕಾಲೇಜಿನ ಪ್ರಾಜೆಕ್ಟ್. ಒಂದು ಹಾಡಿಗೆ ವಿಡಿಯೋ ಮಾಡೋದು, ಅದೂ ಇಂಡಿ ಪಾಪ್ ಅನ್ನೋ ನಮೂನಿಯೊಳಗ.

ನಮ್ಮ ಅತ್ತಿಯವರಿಗೆ ಇದನ್ನ ಹೇಳಿದ್ರ, "ಇಂಡಿ ಅಂದ್ರ ವಿಜಾಪುರದ ಕಡೆ ಲಿಂಬಿಕಾಯಿ ಊರಲ್ಲೇನ? ಅಲ್ಲಿ ಹಾಡೇನ?" ಅಂದ್ರು. ಮಗಳು ನಕ್ಕೋತ ಬಿಡಿಸಿ ಹೇಳಿದ್ಲು. ಇಂಡಿಪೆಂಡೆಂಟ್ ಅನ್ನೋದನ್ನ ಮೊಟಕು ಮಾಡಿ ಇಂಡಿ ಅಂತಾರಂತ. ದೊಡ್ಡ ಕಂಪನಿ ರೊಕ್ಕ ಇಲ್ಲದ, ಸಿನೆಮಾದ ಹಂಗಿಲ್ಲದ, ತಾವೇ ಬರದು, ತಾವೇ ಹಾಡಿ, ತಾವೇ ಬಿಡೋ ಹಾಡು. ನಮ್ಮ ಕಾಲದಾಗ 1996ರ ಸುಮಾರಿಗೆ ಲಕ್ಕಿ ಅಲಿ ಈಜಿಪ್ತಿನ ಮರಳಿನ್ಯಾಗ ಅಡ್ಡಾಡ್ಕೋತ ಹಾಡಿದ್ದು ಟಿವಿಯೊಳಗ ಬರ್ತಿತ್ತಲ್ಲ, ಅದರ ಮೊಮ್ಮಕ್ಕಳು ಇವು ಅಂತ ತಿಳೀರಿ. ಆದ್ರ ಇವರಿಗೆ ಈಜಿಪ್ತ್ ಎಲ್ಲಿಂದ ಬರಬೇಕು? ಧಾರವಾಡದ ನಮ್ಮ ಮಾಳಗಿ, ನಮ್ಮ ನೀರಿನ ಟ್ಯಾಂಕು, ನಾನು ಒಣಹಾಕಿದ ಸಂಡಗಿ. ಬಣ್ಣ ಸ್ವಲ್ಪ ಮಾಸಿದಂಗ, ಹಳೇ ಫೋಟೋದಂಗ ಇರಬೇಕು, ಕ್ಯಾಮೆರಾ ಕೈಯಾಗ ಹಿಡದಂಗ ಸಣ್ಣಗ ಅಲುಗಾಡಬೇಕು, ಮಂದಿ ನಮ್ಮ ನಿಮ್ಮಂಗ ಇರಬೇಕು. ಅದೇ ಅದರ ಚಂದ ಅಂತ.

ಈಗ ನಾ ಹೇಳಬೇಕಂತಿರೋದು ಆ ಹಾಡಿನ ಬಗ್ಗೆ ಅಲ್ಲ. ಹಾಡು ನನಗೇನು ಭಾಳ ಸೇರಲೂ ಇಲ್ಲ. ಬಾಯಾಗ ಅವಲಕ್ಕಿ ಇಟಗೊಂಡು ಹಾಡಿದಂಗ ಹಾಡ್ತಾನ ಆ ಹುಡುಗ. (ನಲವತ್ತು ಸಲ ಕೇಳಿದ ಮ್ಯಾಲೆ ಈಗ ನಾನೇ ಭಾಂಡಿ ತಿಕ್ಕೋವಾಗ ಗುನುಗ್ತೀನಿ, ಆ ಮಾತು ಬ್ಯಾರೆ.) ನಾ ಹೇಳೋದು ವಿಡಿಯೋದ ಕಡೀಕ ಬರೋ ಹೆಸರಿನ ಬಗ್ಗೆ. ಅದಕ್ಕೂ ಮೊದ್ಲ ಕೆಲಸ ಏನಿತ್ತು ಅಂತ ನೀವು ಕೇಳಬೇಕು, ಯಾಕಂದ್ರ ನಾನೂ ಮೊದ್ಲ ಇದನ್ನ ಹುಡುಗಾಟಕಿ ಅಂತಲೇ ತಿಳಿದಿದ್ದೆ.

ಐದು ಮಂದಿ ಗುಂಪು. ಹಾಡೋ ಹುಡುಗ, ಕ್ಯಾಮೆರಾ ಹಿಡಿಯೋ ಹುಡುಗ, ಎಡಿಟಿಂಗ್ ಮಾಡೋ ಹುಡುಗ, ವಿಡಿಯೋದಾಗ ಕಾಣಿಸೋ ಹುಡುಗಿ, ಐದನೇದಾಕಿ ನನ್ನ ಮಗಳು. "ನಿಂದೇನ ಕೆಲಸ?" ಅಂತ ಕೇಳಿದ್ರ "ಕೋಆರ್ಡಿನೇಶನ್" ಅಂದ್ಲು. ಅಂದ್ರ ಏನು ಅಂತ ನನಗ ತಿಳಿಲಿಲ್ಲ. ನೋಡ್ಕೋತ ಹೋದಂಗ ತಿಳೀತು: ಉಳಿದವರು ಮಾಡದಿರೋದೆಲ್ಲಾ.

ಕತಿನೂ ಈಕಿದೇ. ಒಂದು ಹುಡುಗಿ ನೌಕರಿಗಂತ ಬೆಂಗಳೂರಿಗೆ ಹೊಂಟಾಳ, ಬ್ಯಾಗ್ ತುಂಬ್ತಿರ್ತಾಳ. ಆಕಿ ಒಂದು ಅಂಗಿ ಇಟ್ರ ಯಾರೋ ಬಂದು ಒಂದು ಡಬ್ಬಿ ತುರುಕ್ತಾರ. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಬೇಸನ್ ಉಂಡಿ. ಕಡೀಕ ಬ್ಯಾಗಿನ್ಯಾಗ ಅಂಗಿಗೆ ಜಾಗಾನೇ ಇರೂದಿಲ್ಲ. ಅಷ್ಟೇ ಕತಿ. ಡಬ್ಬಿ ತುರುಕೋ ಕೈ ನಮ್ಮ ಅತ್ತಿಯವರದು.

ಹಾಡು ಮೂರು ನಿಮಿಷ 20 ಸೆಕೆಂಡ್. ಒಂದೊಂದು ದೃಶ್ಯ ನಾಲ್ಕು ಸೆಕೆಂಡ್ ಅಂತ ಹಿಡದ್ರೂ 50 ಬೇಕು. ಒಂದು ವಾರ ರಾತ್ರಿ ಈಕಿ ಕಿವಿಯಾಗ ವೈರ್ ಹಾಕ್ಕೊಂಡು, 200 ಪುಟದ ನೋಟಬುಕ್ ಹಿಡ್ಕೊಂಡು ಕೂತಿದ್ಲು. ಗೆರಿ ಹೊಡದು ಮನಿ ಮಾಡ್ಯಾಳ. ಎಷ್ಟನೇ ಸೆಕೆಂಡ್, ಏನು ಕಾಣಬೇಕು, ಎಲ್ಲಿ, ಯಾರು, ಯಾವ ಅರವಿ, ಯಾವ ಸಾಮಾನು, ಬಿಸಲು ಯಾವ ಕಡೆ. ಬಾಜೂಕ ಕಡ್ಡಿ ಕಡ್ಡಿ ಮನಷಾರ ಚಿತ್ರ. ಶಾಟ್ ಲಿಸ್ಟ್ ಅಂತಾರಂತ. ನೋಡಿದ ಕೂಡಲೇ ನಾ ಅಂದೆ, "ಇದು ಯಾದಿ ಅಲ್ಲೇನ?" ಮದವಿ ಯಾದಿ, ಮುಂಜಿವಿ ಯಾದಿ, ಶ್ರಾವಣದ ಯಾದಿ ಬರದು ಬರದು ನನ್ನ ಕೈ ಸವದಾವ, ನನಗ ಗುರುತು ಹತ್ತದೇ ಇರ್ತದೇನು?

ಇನ್ನೊಂದು ಗುಟ್ಟು ಆವತ್ತು ತಿಳೀತು. ಹಾಡು ಯಾವ ಕ್ರಮದಾಗ ಬರ್ತದೋ ಆ ಕ್ರಮದಾಗ ಶೂಟಿಂಗ್ ಮಾಡೂದಿಲ್ಲ. ಮಾಳಗಿ ಮ್ಯಾಲಿನ ಮುಂಜಾನೆ ಬೆಳಕಿನ ಶಾಟ್ ಎಲ್ಲಾ ಒಮ್ಮೆ, ಅದು ಹಾಡಿನ ಮೊದಲನೇ ಸಾಲಿಂದಿರಲಿ, ಕಡೀ ಸಾಲಿಂದಿರಲಿ. ಆಮ್ಯಾಲೆ ಖೋಲಿ ಒಳಗಿಂದೆಲ್ಲಾ ಒಮ್ಮೆ. ನಾವು ಹಬ್ಬದ ದಿನ ಮಾಡೂದಿಲ್ಲೇನ್ರಿ? ಬಡಸೋ ಕ್ರಮಾ ಬ್ಯಾರೆ, ಮಾಡೋ ಕ್ರಮಾ ಬ್ಯಾರೆ. ಎಣ್ಣಿ ಕಾಯ್ಸಿದ ಮ್ಯಾಲೆ ಕರಿಯೋದೆಲ್ಲಾ ಒಂದೇ ಸಲಕ್ಕ ಕರದು ಇಳಿಸ್ತೀವಿ.

ಆದ್ರ ಹಿಂಗ ಹಿಂದ ಮುಂದ ಮಾಡಿದ್ರ ಒಂದು ತ್ರಾಸು. ಹತ್ತನೇ ಸೆಕೆಂಡಿಗೆ ಬ್ಯಾಗಿನ್ಯಾಗ ಒಂದು ಡಬ್ಬಿ ಇರಬೇಕು, ನೂರನೇ ಸೆಕೆಂಡಿಗೆ ನಾಲ್ಕು. ಹಿಂದಿಂದು ಮುಂದ, ಮುಂದಿಂದು ಹಿಂದ ತಗದ್ರ ಡಬ್ಬಿ ಲೆಕ್ಕ ಯಾರಿಡಬೇಕು? ಈಕಿ ಪ್ರತಿ ಶಾಟ್ ಮುಗಿದ ಮ್ಯಾಲೆ ಫೋನಿನ್ಯಾಗ ಬ್ಯಾಗಿನ ಫೋಟೋ ಹೊಡದು ನಂಬರ್ ಬರಕೋತಿದ್ಲು. 31ನೇ ಶಾಟಿಗೆ ಉಂಡಿ ಡಬ್ಬಿ ಕಪಾಟಿನ ಮ್ಯಾಲೆ ಕೂತಿತ್ತು. ಅದು ಆಗಲೇ ಬ್ಯಾಗಿನೊಳಗ ಹೋಗಿರಬೇಕಾದದ್ದು. ಯಾರ ಕಣ್ಣಿಗೂ ಬೀಳಲಿಲ್ಲ, ಈಕಿ ಓಡಿ ಹೋಗಿ ತಗದ್ಲು.

ದಿನಾ ಗೊತ್ತು ಮಾಡೋದೂ ಸಣ್ಣ ಕೆಲಸ ಅಲ್ಲ. ನಳಾ ಬರೋ ದಿನ ಬ್ಯಾಡ, ಮಾಳಗಿ ಮ್ಯಾಲೆ ಪೈಪು, ಓಡಾಟ. ಅತ್ತಿಯವರ ಏಕಾದಶಿ ಬ್ಯಾಡ. ಬಿಸಲು ಏರೂದ್ರೊಳಗ ಮುಗಿಸಬೇಕು, ಏರಿದ ಮ್ಯಾಲೆ ಕಣ್ಣ ಕೆಳಗ ಕಪ್ಪು ನೆರಳು ಬೀಳ್ತದಂತ. ಅದಕ್ಕೇ ಆ ಥರ್ಮಾಕೋಲ್, ಬೆಳಕನ್ನ ಮಾರಿಗೆ ತಿರುಗಿಸಲಿಕ್ಕೆ. ಕ್ಯಾಮೆರಾ ನುಣ್ಣಗ ಮುಂದ ಸರೀಬೇಕಂದ್ರ ಹಳಿ ಹಾಕಿ ಗಾಡಿ ಮ್ಯಾಲೆ ಇಡ್ತಾರಂತ, ಅದಕ್ಕ ರೊಕ್ಕ ಎಲ್ಲಿಂದ? ತಲಿಗೆ 600ರಂಗ ಕೂಡಿಸಿದ್ದೇ ಮೂರು ಸಾವಿರ. ಈಕಿ ಕಣ್ಣು ಅತ್ತಿಯವರ ಗಾಲಿ ಕುರ್ಚಿ ಮ್ಯಾಲೆ ಬಿತ್ತು. ಕ್ಯಾಮೆರಾ ಹುಡುಗನ್ನ ಅದರಾಗ ಕೂಡಿಸಿ ಹಿಂದಿಂದ ದೂಡಿದ್ರು. ಅತ್ತಿಯವರು ಅಷ್ಟೊತ್ತು ಕಾಟಿನ ಮ್ಯಾಲೆ ಕೂತು, "ನನ್ನ ಗಾಡಿ ಬ್ರೇಕ್ ಸಡ್ಲ ಅದ, ಹುಷಾರು" ಅಂತ ಹೇಳ್ಕೋತ ಇದ್ರು.

ನಗಿ ಬಂದದ್ದು ಸ್ಲೋ ಮೋಷನ್ನಿಗೆ. ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತಗೋತದ, ಆಮ್ಯಾಲೆ ಅದನ್ನ 25ರಂಗ ತೋರಿಸಿದ್ರ ಎಲ್ಲಾ ಅರ್ಧ ಸಾವಕಾಶ ಆಗ್ತದ. ಆದ್ರ ತುಟಿನೂ ಸಾವಕಾಶ ಆಗ್ತಾವಲ್ಲ? ಹಾಡಿಗೆ ಕೂಡಬೇಕಂದ್ರ ಶೂಟಿಂಗ್ ಹೊತ್ತಿಗೆ ಹಾಡನ್ನ ಎರಡು ಪಟ್ಟು ಜೋರು ಓಡಿಸಿ, ಹುಡುಗ ಅದಕ್ಕ ತಕ್ಕಂಗ ಬಾಯಿ ಆಡಸಬೇಕು. ಸ್ಪೀಕರಿನ್ಯಾಗ ಇಲಿ ಹಾಡಿದಂಗ ಕಿಚಕಿಚ, ಈ ಹುಡುಗ ಕುರ್ತಾ ಹಾಕ್ಕೊಂಡು ಗಂಭೀರ ಮಾರಿ ಮಾಡ್ಕೊಂಡು ಬಡಬಡ ಬಡಬಡ. ನಾ ಸೆರಗು ಬಾಯಿಗೆ ಇಟಗೊಂಡು ಕೆಳಗಿಳದು ಬಂದೆ. ಆ ಜೋರು ಓಡೋ ಹಾಡಿನ ಫೈಲ್ ಹಿಂದಿನ ರಾತ್ರಿನೇ ಮಾಡಿ ಇಟ್ಟಾಕಿ ಯಾರು ಅಂತ ಮತ್ತ ಹೇಳಬೇಕಾಗಿಲ್ಲ.

ಎರಡು ರವಿವಾರ ಮುಗೀತು. ಉಪ್ಪಿಟ್ಟು, ಗಿರಮಿಟ್ಟು, ಹತ್ತು ಸಲ ಚಹಾ. ಹದಿನೈದು ದಿನ ಬಿಟ್ಟು ಎಲ್ಲಾರೂ ನಮ್ಮ ಟಿವಿಗೆ ಹಚ್ಚಿ ನೋಡಿದ್ವಿ. ಖರೇ ಹೇಳ್ತೀನಿ, ಅತ್ತಿಯವರ ಕೈ, ಆ ಹಸರು ಬಳಿ, ಡಬ್ಬಿ ಮುಚ್ಚಳ ಒತ್ತೋದು ನೋಡಿ ನನ್ನ ಕಣ್ಣಾಗ ನೀರು ಬಂದ್ವು. ಕಡೀಕ ಹೆಸರು ಬಂದ್ವು. ದೊಡ್ಡದಾಗಿ ಹಾಡಿದ ಹುಡುಗಂದು. ಆಮ್ಯಾಲೆ ನಿರ್ದೇಶನ ಮತ್ತ ಛಾಯಾಗ್ರಹಣ ಅಂತ ಕ್ಯಾಮೆರಾ ಹುಡುಗಂದು. ಎಡಿಟಿಂಗ್, ಅಭಿನಯ. ಆಮ್ಯಾಲೆ ಸಣ್ಣ ಅಕ್ಷರದಾಗ "ವಿಶೇಷ ಧನ್ಯವಾದ" ಅಂತ ಒಂದು ಸಾಲು. ಅದರಾಗ ಉಪ್ಪಿಟ್ಟು ಕೊಟ್ಟ ಕಾಕು ಅಂತ ನಾನು, ಸಾಮಾನು ತಂದ ಆಟೋದವರು, ಮೂರನೇದು ನನ್ನ ಮಗಳು.

ಹುಡುಗ್ರು ಹೋದ ಮ್ಯಾಲೆ ಕೇಳಿದೆ, "ನಿನ್ನ ಹೆಸರು ಯಾಕ ಅಲ್ಲದ?" "ಇರ್ಲಿ ಬಿಡಮ್ಮಾ, ಗೊತ್ತಿದ್ದವರಿಗೆ ಗೊತ್ತದ" ಅಂದ್ಲು.

ಆ ಮಾತು ನನ್ನ ಎದಿಗೆ ಹತ್ತಿತು, ಯಾಕಂದ್ರ ಅದು ಆಕಿ ಮಾತಲ್ಲ, ನಂದು. ಮೈದುನನ ಮದವಿಯೊಳಗ ನಾನೂರು ಮಂದಿ ಊಟದ ಯಾದಿ ನಂದು, ಯಾರಿಗೆ ಯಾವ ಖೋಲಿ ಅನ್ನೋದು ನಂದು, ಬೀಗರಿಗೆ ಬಿಸಿನೀರು ಎಷ್ಟಕ್ಕ ಅನ್ನೋದೂ ನಂದು. ಮುಗಿದ ಮ್ಯಾಲೆ ಎಲ್ಲಾರೂ "ಅಡಿಗಿಯವರು ಛಲೋ ಮಾಡಿದ್ರು, ಹಾಲ್ ಛಲೋ ಇತ್ತು" ಅಂದ್ರು. ನಾ ಒಳಗ ನಿಂತು "ಇರ್ಲಿ ಬಿಡ್ರಿ" ಅಂದಿದ್ದೆ. ಮಗಳು ಆಗ ಐದು ವರ್ಷದಾಕಿ, ನನ್ನ ಸೆರಗು ಹಿಡ್ಕೊಂಡು ನಿಂತಿದ್ಲು. ನೋಡೇ ಕಲ್ತಾಳ.

ನಮ್ಮನಿಯವ್ರು ಅಂದ್ರು, "ಗುಂಪಿನ ಕೆಲಸ, ಹೆಸರಿಗೆ ಯಾಕ ಜಗಳಾ? ಎಲ್ಲಾರದೂ ಒಂದೇ." ಎಲ್ಲಾರದೂ ಒಂದೇ ಅಂದ್ರ ಎಲ್ಲಾರ ಹೆಸರೂ ಒಂದೇ ಅಳತಿಯೊಳಗ ಬರೀಲಿ, ನನ್ನ ತಕರಾರಿಲ್ಲ. ಇಬ್ಬರ ಹೆಸರು ದೊಡ್ಡದಾಗಿ ಬರದು, ಮೂರನೇದಾಕಿಗೆ "ಎಲ್ಲಾರದೂ ಒಂದೇ" ಅಂತ ಹೇಳೋದು ಲೆಕ್ಕ ಅಲ್ಲ. ನಮ್ಮ ಅಕ್ಕ ಫೋನಿನ್ಯಾಗ ಬ್ಯಾರೆ ಹೇಳಿದ್ಲು: ಹುಡುಗ್ಯಾರು ಹೆಸರಿಗೆ ಬಡದಾಡೋದು ಚಂದ ಕಾಣೂದಿಲ್ಲ, ನಾಳೆ ಕೆಲಸಕ್ಕ ಯಾರೂ ಕರಿಯೂದಿಲ್ಲ. ನನಗನಸ್ತದ ಉಲ್ಟಾ. ನಾಳೆ ಕೆಲಸ ಕೇಳ್ಲಿಕ್ಕೆ ಹೋದಾಗ ಈ ವಿಡಿಯೋನೇ ತೋರಸಬೇಕಲ್ಲ? "ಧನ್ಯವಾದದ ಸಾಲಿನ್ಯಾಗ ನಾ ಇದ್ದೀನಿ ನೋಡ್ರಿ" ಅಂದ್ರ ಯಾರು ಕೆಲಸಾ ಕೊಡ್ತಾರ? ಆಟೋದವರಿಗೂ ಈಕಿಗೂ ಏನು ಫರಕು?

ಕ್ಯಾಮೆರಾ ಹುಡುಗನ್ನ ನಾ ಬೈಯೂದಿಲ್ಲ. ಪಾಪ, ಬಿಸಲಾಗ ಮೂರು ತಾಸು ನಿಂತಾನ, ಯಾವ ಕಡಿಂದ ತಗದ್ರ ಚಂದ ಅಂತ ಅವನ ಕಣ್ಣಿಗೇ ಗೊತ್ತು. ಆದ್ರ ಕ್ಯಾಮೆರಾ ಎಲ್ಲಾರಿಗೂ ಕಾಣ್ತದ, ನೋಟಬುಕ್ ಯಾರಿಗೂ ಕಾಣೂದಿಲ್ಲ.

ಮಗಳೇ ಒಮ್ಮೆ ಒಂದು ವಿಡಿಯೋ ತೋರಿಸಿದ್ಲು. ಅಮೆರಿಕಾದಾಗ ಓಕೆ ಗೋ ಅನ್ನೋ ಹಾಡಿನ ಗುಂಪದ. ನಾಲ್ಕು ಗಂಡಸರು ಎಂಟು ಟ್ರೆಡ್‌ಮಿಲ್ ಮ್ಯಾಲೆ ಕುಣೀತಾರ, ನಡುವ ಎಲ್ಲೂ ಕತ್ತರಿ ಹಾಕಿಲ್ಲ. 2006ರದು. ಆ ಕುಣತ ಹೊಂದಿಸಿದಾಕಿ ಹಾಡಗಾರನ ಅಕ್ಕ, ಟ್ರಿಶ್ ಸೀ ಅಂತ. ಅದಕ್ಕ 2007ರಾಗ ಗ್ರ್ಯಾಮಿ ಪ್ರಶಸ್ತಿ ಬಂತು, ನಿರ್ದೇಶಕರು ಅಂತ ಆ ನಾಲ್ಕು ಮಂದಿ ಜೋಡಿ ಅಕ್ಕನ ಹೆಸರೂ ಇತ್ತು. ಮನಿಮಂದಿ ಅಂತ ಧನ್ಯವಾದ ಹೇಳಿ ಕಳಸಲಿಲ್ಲ. ಅಷ್ಟು ದೂರ ಯಾಕ, ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ ಅವರು ಹಾಡೋವಾಗ ಹಿಂದ ಕೂತು ಮಗಳು ಕೃಷ್ಣಾ ದನಿ ಕೂಡಿಸ್ತಿದ್ರು. ನಮ್ಮ ಅತ್ತಿಯವರು ಗಂಗೂಬಾಯಿ ಅಂದ ಕೂಡಲೇ ಇವತ್ತಿಗೂ ಕೃಷ್ಣಾ ಅಂತ ಸೇರಿಸೇ ಹೇಳ್ತಾರ. ಕೇಳೋವ್ರಿಗೆ ಕಿವಿ ಇದ್ರ ಹಿಂದಿನ ದನಿನೂ ಕೇಳಸ್ತದ.

ಇದನ್ನೆಲ್ಲಾ ಮಗಳಿಗೆ ಹೇಳಿದೆ. ಹೇಳಿ, "ನಾ ಹೋಗಿ ಮಾತಾಡೂದಿಲ್ಲ, ನಿನ್ನ ಕೆಲಸ ನೀನೇ ಕೇಳಬೇಕು" ಅಂದೆ. ಎರಡು ದಿನ ಸುಮ್ಮನಿದ್ಲು. ಮೂರನೇ ದಿನ ನೋಟಬುಕ್ ಬ್ಯಾಗಿನ್ಯಾಗ ಹಾಕ್ಕೊಂಡು ಹೋದ್ಲು.

ದೊಡ್ಡ ಜಗಳಾ ಏನೂ ಆಗಲಿಲ್ಲಂತ. ಕ್ಯಾಮೆರಾ ಹುಡುಗ ನೋಟಬುಕ್ ತಿರುವಿ ಹಾಕಿ, "ಕ್ಯಾಮೆರಾ ಹಿಡದಂವನೇ ಡೈರೆಕ್ಟರ್ ಅಂತ ಹಾಕ್ಕೋತಾರ, ಅದಕ್ಕ ಹಾಕಿದೆ, ಬ್ಯಾರೆ ವಿಚಾರ ಮಾಡಲಿಲ್ಲ" ಅಂದನಂತ. ಮಾರಿ ಸಣ್ಣದು ಮಾಡಿದಂವ ಹಾಡೋ ಹುಡುಗ, ತನ್ನ ಹೆಸರಿನ ಮುಂದ ಹೆಚ್ಚು ಅಕ್ಷರ ಬಂದ್ವು ಅಂತ. ಈಗ ನಿರ್ದೇಶನ ಅನ್ನೋದರ ಕೆಳಗ ಎರಡು ಹೆಸರವ, ಮೊದ್ಲ ಈಕಿದು. ನಾನಾಗಿದ್ರ ಒಂದೇ ಇರಲಿ ಅಂತಿದ್ದೆ. ಆದ್ರ ಆಕಿಗೆ ಇಷ್ಟು ಸರಿ ಅನಸೇದ, ಕೆಲಸಾ ಆಕಿದು.

ಅತ್ತಿಯವರು ಎಲ್ಲಾ ಕೇಳಿಸ್ಕೊಂಡು ಕಡೀಕ, "ನನ್ನ ಗಾಡಿದೇನು ಮಾಡಿದ್ರಿ?" ಅಂದ್ರು. ಅದನ್ನೂ ಹಾಕ್ಯಾರ. "ಕ್ಯಾಮೆರಾ ವಾಹನ: ಅಜ್ಜಿ."

ಮುಂದಿನ ವಾರ ಮಗಳು ಮನೆತನದ ಗ್ರೂಪಿಗೆ ಕಳಸ್ತಾಳಂತ. ನೋಡ್ರಿ ಎಲ್ಲಾರೂ. ಹಾಡು ಮುಗೀತಂತ ಅಲ್ಲೇ ಬಂದ್ ಮಾಡಬ್ಯಾಡ್ರಿ ಮತ್ತ, ಹೆಸರು ಅದರ ಮುಂದ ಬರ್ತಾವ.