ಸೇವೆಯ ನೆರಳಿನಲ್ಲಿ ಅಡಗುವ ಮರೆವು

ವಯಸ್ಸಾದ ಮೇಲೆ ಮರೆವು ಸಹಜ ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ರೂಢಿಯಾಗಿದೆ. ಆ ಮಾತಿನ ಮರೆಯಲ್ಲಿ ಡಿಮೆನ್ಶಿಯಾ ಎಂಬ ಕಾಯಿಲೆ ವರ್ಷಗಟ್ಟಲೆ ಅಡಗಿರಬಲ್ಲದು. ಭಾರತದಲ್ಲಿ 60 ವರ್ಷ ದಾಟಿದ ಸುಮಾರು 88 ಲಕ್ಷ ಮಂದಿ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಅದರ ಆರಂಭವನ್ನು ಗುರುತಿಸಲು ನೆನಪಿನ ಪರೀಕ್ಷೆಯೊಂದೇ ಸಾಲದು. ಮರೆವು ದಿನನಿತ್ಯದ ಬದುಕಿಗೆ ಎಷ್ಟು ಅಡ್ಡಿಯಾಗಿದೆ ಎಂಬುದನ್ನೂ ವೈದ್ಯರು ಅಳೆಯುತ್ತಾರೆ. ನೆನಪು ಕುಂದಿದ್ದರೂ ತಮ್ಮ ಕೆಲಸಗಳನ್ನು ತಾವೇ ನಿಭಾಯಿಸಬಲ್ಲವರ ಸ್ಥಿತಿ ಬೇರೆ. ಅದಕ್ಕಾಗಿ ಇನ್ನೊಬ್ಬರನ್ನು ಅವಲಂಬಿಸತೊಡಗಿದವರ ಸ್ಥಿತಿ ಬೇರೆ.

ಈ ಅಳತೆಗೆ ಮಾಪನಗಳಿವೆ. 1963ರಲ್ಲಿ ಕಾಟ್ಜ್ ಮತ್ತು ಅವರ ಸಂಗಡಿಗರು ರೂಪಿಸಿದ ಪಟ್ಟಿ ಸ್ನಾನ, ಉಡುಪು, ಶೌಚ, ಊಟ ಮುಂತಾದ ಮೂಲಭೂತ ಕೆಲಸಗಳನ್ನು ನೋಡುತ್ತದೆ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ರಚಿಸಿದ ಮಾಪನ ಫೋನ್ ಬಳಕೆ, ಖರೀದಿ, ಅಡುಗೆ, ಪ್ರಯಾಣ, ಔಷಧ ಸೇವನೆ, ಹಣಕಾಸು ಸೇರಿದಂತೆ ಎಂಟು ವಿಷಯಗಳನ್ನು ಕೇಳುತ್ತದೆ. ಕಾಯಿಲೆಯ ಆರಂಭದಲ್ಲಿ ಮೊದಲು ಎಡವುವುದು ಸಾಮಾನ್ಯವಾಗಿ ಈ ಎರಡನೆಯ ಬಗೆಯ ಕೆಲಸಗಳೇ. ಊಟ, ಉಡುಪುಗಳಿಗೆ ಕುತ್ತು ಬರುವುದು ಆಮೇಲೆ.

ಆದರೆ ಒಂದೇ ಅಳತೆಗೋಲು ಎಲ್ಲರಿಗೂ ಹೊಂದುವುದಿಲ್ಲ. ಜೀವನದಲ್ಲಿ ಎಂದೂ ಒಲೆ ಹಚ್ಚದ ಅಬ್ಬನಿಗೆ ಅಡುಗೆ ಬರುವುದಿಲ್ಲವೆಂದರೆ ಅದು ರೋಗವಲ್ಲ. ಎಂದೂ ಬ್ಯಾಂಕಿನ ಮೆಟ್ಟಿಲು ಹತ್ತದ ಉಮ್ಮನಿಗೆ ಚೆಕ್ ಬರೆಯಲು ತಿಳಿಯದಿದ್ದರೆ ಅದೂ ರೋಗವಲ್ಲ. ಈ ತೊಡಕನ್ನು ಅರಿತೇ ಹರಿಯಾಣದ ಬಲ್ಲಭಗಢದ ಹಳ್ಳಿಗಳ ಅನಕ್ಷರಸ್ಥ ವೃದ್ಧರಿಗಾಗಿ ಒಂದು ಮಾಪನವನ್ನು ಸಿದ್ಧಪಡಿಸಿ 1999ರಲ್ಲಿ ಪ್ರಕಟಿಸಲಾಯಿತು. ಅದರ ಪ್ರಶ್ನೆಗಳು ಹಳ್ಳಿಯ ಬದುಕಿನಿಂದಲೇ ಬಂದವು: ಹೇಳಿ ಕಳುಹಿಸಿದ ಸುದ್ದಿಯನ್ನು ನೆನಪಿಟ್ಟು ತಲುಪಿಸುತ್ತಾರೆಯೇ? ಮದುವೆಯಂತಹ ಮನೆಯ ಮುಖ್ಯ ವಿಷಯಗಳಲ್ಲಿ ಅಭಿಪ್ರಾಯ ಹೇಳುತ್ತಾರೆಯೇ? ಊರಲ್ಲೇ ದಾರಿ ತಪ್ಪುತ್ತಾರೆಯೇ? ವ್ಯಕ್ತಿಯನ್ನು ಹೋಲಿಸಬೇಕಾದದ್ದು ಪಕ್ಕದ ಮನೆಯವರೊಂದಿಗಲ್ಲ, ಅವರ ನಿನ್ನೆಯೊಂದಿಗೆ.

ಇಲ್ಲಿ ನಾವು ಗಮನಿಸಬೇಕಾದ ಸೂಕ್ಷ್ಮ ಸಂಗತಿಯೊಂದಿದೆ. ಹೆತ್ತವರ ಸೇವೆಯನ್ನು ನಾವು ಕರ್ತವ್ಯವೆಂದು ಬಗೆದವರು. "ಉಮ್ಮಾ, ನೀವು ಕುಳಿತುಕೊಳ್ಳಿ" ಎಂದು ಅವರ ಕೈಯಿಂದ ಸೌಟನ್ನೂ ಮಾತ್ರೆಯ ಡಬ್ಬಿಯನ್ನೂ ತೆಗೆದುಕೊಳ್ಳುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ಮಾಡಲು ಕೆಲಸವೇ ಇಲ್ಲದವರು ಯಾವ ಕೆಲಸದಲ್ಲಿ ಎಡವುತ್ತಿದ್ದಾರೆಂದು ತಿಳಿಯುವುದು ಹೇಗೆ? ಮೇಲಾಗಿ, ಬಿಟ್ಟ ಕೆಲಸ ಬೇಗ ಮರೆತುಹೋಗುತ್ತದೆ. ಇನ್ನು ಕೆಲವರು, "ನಮಾಝಿನಲ್ಲಿ ಸೂರಾಗಳನ್ನು ತಪ್ಪಿಲ್ಲದೆ ಓದುತ್ತಾರೆ, ಇವರಿಗೆಂತಹ ಮರೆವು?" ಎಂದು ನಿಶ್ಚಿಂತರಾಗುತ್ತಾರೆ. ಬಾಲ್ಯದಿಂದ ರೂಢಿಯಾದದ್ದು ಬಹುಕಾಲ ಉಳಿಯಬಲ್ಲದು. ಅದೇ ವ್ಯಕ್ತಿ ಅಂಗಡಿಯವನಿಗೆ ಎರಡು ಬಾರಿ ಹಣ ಕೊಟ್ಟು ಬರುತ್ತಿರಬಹುದು.

ಉತ್ತರ ಹೇಳುವವರು ಯಾರು ಎಂಬುದೂ ಮುಖ್ಯ. ಆರಂಭದ ಹಂತದಲ್ಲಿ ಎಷ್ಟೋ ಮಂದಿಗೆ ತಮ್ಮ ಕುಂದಿನ ಅರಿವಿರುವುದಿಲ್ಲ. ಆದ್ದರಿಂದ ವೈದ್ಯರು ಮನೆಯವರನ್ನು ಕೇಳುತ್ತಾರೆ. ಆಗ ವೈದ್ಯರ ಮುಂದೆ ಕೂರುವುದು ಹೆಚ್ಚಾಗಿ ಹಗಲೆಲ್ಲ ಹೊರಗಿರುವ ಮಗ. ಎಲ್ಲವನ್ನೂ ಕಂಡ ಸೊಸೆ ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತಾಳೆ. ಅವಳ ಮಾತಿಲ್ಲದೆ ಈ ಅಳತೆ ಪೂರ್ಣವಾಗದು. ಎರಡು ವಾರಗಳ ಕಾಲ ಕಂಡದ್ದನ್ನು, ದಿನಾಂಕ ಸಹಿತ, ಆಕೆ ಬರೆದಿಟ್ಟರೆ ಅದು ವೈದ್ಯರಿಗೆ ಬೆಲೆಯುಳ್ಳ ದಾಖಲೆ.

ಎಚ್ಚರವೂ ಬೇಕು. ಮಂಡಿನೋವಿನಿಂದ ಪೇಟೆಗೆ ಹೋಗದಿರಬಹುದು, ಕಣ್ಣು ಮಂಜಾಗಿ ಮಾತ್ರೆ ತಪ್ಪಿರಬಹುದು. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳೂ ಮರೆವನ್ನು ತರುತ್ತವೆ, ಇವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ ಅಂಕಿಯನ್ನು ತೀರ್ಪೆಂದು ತಿಳಿಯದೆ, ಪರೀಕ್ಷೆಗೆ ಕರೆದೊಯ್ಯುವ ಸೂಚನೆಯೆಂದು ತಿಳಿಯಬೇಕು. ಹಿರಿಯರ ಕೈಯಿಂದ ಸಹಿ, ಬೀಗದ ಕೈ, ಅಭಿಪ್ರಾಯಗಳನ್ನು ಕಸಿಯಲು ಅದನ್ನು ನೆಪವಾಗಿಸುವುದಂತೂ ಅನ್ಯಾಯ.

ಎಲ್ಲವನ್ನೂ ಅವರಿಗಾಗಿ ಮಾಡಿಬಿಡುವುದಷ್ಟೇ ಸೇವೆಯಲ್ಲ. ಅವರು ಮಾಡಬಲ್ಲದ್ದನ್ನು ಅವರಿಗೇ ಬಿಟ್ಟು, ಎಲ್ಲಿ ಕೈ ನಡುಗುತ್ತದೆಯೋ ಅಲ್ಲಿ ಮಾತ್ರ ಕೈ ಹಿಡಿಯುವುದು ಅದಕ್ಕಿಂತ ಕಷ್ಟದ ಸೇವೆ. ಎಲ್ಲಿ ಹಿಡಿಯಬೇಕೆಂದು ತಿಳಿಯಲು ಈ ಅಳತೆ ಬೇಕು.