ಅಂಗಡಿ ಇಟ್ಟವರ ಮಡಿ

2013ರ ಆಗಸ್ಟ್‌ನಲ್ಲಿ ಇಎಸ್‌ಪಿಎನ್ ವಾಹಿನಿಯ ಬ್ಯಾಸ್ಕೆಟ್‌ಬಾಲ್ ವಿಶ್ಲೇಷಕ ಜೇ ಬಿಲಾಸ್ ಒಂದು ಸಣ್ಣ ಕೆಲಸ ಮಾಡಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಆನ್‌ಲೈನ್ ಅಂಗಡಿಗೆ ಹೋಗಿ ಆಟಗಾರರ ಹೆಸರುಗಳನ್ನು ಒಂದೊಂದಾಗಿ ಹುಡುಕಿದರು. ‘ಮ್ಯಾಂಜೆಲ್’ ಎಂದು ಹೊಡೆದರೆ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ 2ನೇ ನಂಬರಿನ ಜರ್ಸಿ ಎದುರಾಯಿತು. ಅಲ್ಲಿನ ಫುಟ್‌ಬಾಲ್ ಆಟಗಾರ ಜಾನಿ ಮ್ಯಾಂಜೆಲ್ ತೊಡುತ್ತಿದ್ದುದು ಅದೇ ನಂಬರು. ಜರ್ಸಿಯ ಬೆನ್ನ ಮೇಲೆ ಹೆಸರಿಲ್ಲ, ಬರೀ ಅಂಕಿ. ಆದರೆ ಅಂಗಡಿಯ ಕಂಪ್ಯೂಟರಿಗೆ ಮಾತ್ರ ಆ ಅಂಕಿಯೊಳಗೆ ಯಾರಿದ್ದಾರೆಂದು ಚೆನ್ನಾಗಿ ಗೊತ್ತಿತ್ತು. ಬಿಲಾಸ್ ಒಂದರ ಹಿಂದೊಂದು ಹೆಸರು ಹುಡುಕಿ, ಸಿಕ್ಕಿದ್ದನ್ನೆಲ್ಲ ಟ್ವಿಟರಿಗೆ ಹಾಕಿದರು. ಎರಡೇ ದಿನದಲ್ಲಿ ಎನ್‌ಸಿಎಎ ಅಧ್ಯಕ್ಷ ಮಾರ್ಕ್ ಎಮರ್ಟ್, ಈ ವ್ಯಾಪಾರ ನಮಗೆ ಸಲ್ಲದು, ನಿಲ್ಲಿಸುತ್ತೇವೆ ಎಂದರು.

ಅದೇ ತಿಂಗಳಲ್ಲಿ ಅದೇ ಮ್ಯಾಂಜೆಲ್ ವಿಚಾರಣೆ ಎದುರಿಸುತ್ತಿದ್ದ. ತನ್ನ ಹಸ್ತಾಕ್ಷರಕ್ಕೆ ದುಡ್ಡು ತೆಗೆದುಕೊಂಡನೇ ಎಂಬುದು ಪ್ರಶ್ನೆ. ದುಡ್ಡು ಪಡೆದದ್ದಕ್ಕೆ ಪುರಾವೆ ಸಿಗಲಿಲ್ಲ, ಆದರೂ ಋತುವಿನ ಮೊದಲ ಪಂದ್ಯದ ಮೊದಲರ್ಧ ಅವನನ್ನು ಹೊರಗೆ ಕೂರಿಸಿದರು. 2012ರಲ್ಲಿ ಅವನು ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ ಗೆದ್ದದ್ದರಿಂದ ತನಗೆ 3.7 ಕೋಟಿ ಡಾಲರ್ ಮೌಲ್ಯದ ಪ್ರಚಾರ ಸಿಕ್ಕಿತೆಂದು ಸ್ವತಃ ವಿಶ್ವವಿದ್ಯಾಲಯವೇ ಲೆಕ್ಕ ಹಾಕಿಸಿ ಹೇಳಿಕೊಂಡಿತ್ತು. ಅವನ ಹೆಸರನ್ನು ಯಾರು ಬೇಕಾದರೂ ಮಾರಬಹುದಿತ್ತು, ಅವನೊಬ್ಬನನ್ನು ಬಿಟ್ಟು.

ಅಮೆರಿಕದ ಕಾಲೇಜು ಕ್ರೀಡೆಯ ಬಗ್ಗೆ ಈಗ ನಡೆದಿರುವ ದೊಡ್ಡ ಜಗಳದಲ್ಲಿ ಹಳಬರು ಗೊಣಗುವುದು ಒಂದೇ ಮಾತು: ಹುಡುಗರು ಕೆಟ್ಟರು, ಇನ್‌ಸ್ಟಾಗ್ರಾಂ ನೋಡಿ ಕೆಟ್ಟರು, ಆಟ ಬಿಟ್ಟು ಫಾಲೋವರ್‌ಗಳನ್ನು ಎಣಿಸುತ್ತ ಕೂತರು. ಅವರಿಗೆ ಎಣಿಸಲು ಕಲಿಸಿದವರು ಕಾಲೇಜಿನವರೇ ಎಂಬುದು ನನ್ನ ವಾದ. ಕಲಿಸಿದ್ದಷ್ಟೇ ಅಲ್ಲ, ಇವತ್ತಿಗೂ ಅವರ ಚಿತ್ರಕ್ಕೆ ಬೆಲೆ ಕಟ್ಟುತ್ತಾರೆಯೇ ಹೊರತು ದುಡಿಮೆಗೆ ಕಟ್ಟುವುದಿಲ್ಲ.

ಜಾಲತಾಣಗಳ ವಿಳಾಸವನ್ನೇ ನೋಡಿ. ಅಲಬಾಮಾ ವಿಶ್ವವಿದ್ಯಾಲಯದ ಪಾಠಪ್ರವಚನದ ತಾಣ ಶಿಕ್ಷಣ ಸಂಸ್ಥೆಗಳಿಗೆಂದೇ ಇರುವ ‘ಡಾಟ್ ಎಜು’ ವಿಳಾಸದಲ್ಲಿದೆ. ಅದರ ಕ್ರೀಡಾ ತಾಣ ‘ರೋಲ್‌ಟೈಡ್ ಡಾಟ್ ಕಾಮ್’. ಮಿಶಿಗನ್ನಿನದು ‘ಎಂಗೋಬ್ಲೂ ಡಾಟ್ ಕಾಮ್’. ದೊಡ್ಡ ಕಾಲೇಜುಗಳಲ್ಲಿ ಬಹುತೇಕ ಎಲ್ಲವೂ ಹೀಗೇ. ಒಳಹೊಕ್ಕರೆ ಮೇಲಿನ ಸಾಲಿನಲ್ಲೇ ಟಿಕೆಟ್, ಅಂಗಡಿ, ದೇಣಿಗೆ. ಇಂಥ ತಾಣಗಳಲ್ಲಿ ಬಹಳಷ್ಟನ್ನು ಕಟ್ಟಿ ನಡೆಸುವ ಸೈಡ್‌ಆರ್ಮ್ ಎಂಬ ಕಂಪನಿ, ಕಾಲೇಜುಗಳ ಪ್ರಾಯೋಜಕತ್ವದ ಹಕ್ಕು ಮಾರುವ ಲಿಯರ್‌ಫೀಲ್ಡ್‌ನ ಒಡೆತನದಲ್ಲಿದೆ. ಎಲ್ಲಿ ಓದು, ಎಲ್ಲಿ ವ್ಯಾಪಾರ ಎಂದು ಕಾಲೇಜುಗಳೇ ಗೆರೆ ಎಳೆದು ತೋರಿಸಿವೆ. ಆದರೂ ಕೋರ್ಟಿಗೆ ಹೋದಾಗ ಆಟಗಾರ ಗೆರೆಯ ಆಚೆ, ಓದಿನ ಕಡೆ ನಿಂತಿದ್ದಾನೆಂದು ವಾದಿಸುತ್ತವೆ.

ಆಟಗಾರ ದುಡ್ಡು ಮುಟ್ಟಬಾರದೆಂಬ ಈ ಹವ್ಯಾಸಿತನ ನಮ್ಮ ಕಡೆಯ ಮಡಿಯಂತೆಯೇ. ಮಡಿ ಉಟ್ಟವರು ಯಾರನ್ನೂ ಮುಟ್ಟುವುದಿಲ್ಲ, ಬಡಿಸಿದ್ದನ್ನು ಮಾತ್ರ ಉಣ್ಣುತ್ತಾರೆ. ನಿಯಮವೆಲ್ಲ ಅಡುಗೆ ಮಾಡಿದವರಿಗೆ. ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರಕ್ಕೆ 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಕೊಡಲೊಪ್ಪಿದ್ದು 14 ವರ್ಷಕ್ಕೆ 1,080 ಕೋಟಿ ಡಾಲರ್. ಆ ಹಣ ಮುಟ್ಟಿದ ಯಾರ ಮಡಿಯೂ ಕೆಡಲಿಲ್ಲ.

ಕೆಟ್ಟದ್ದು ಡೊನಾಲ್ಡ್ ಡಿ ಲಾ ಹೇಯದು. ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಚೆಂಡು ಒದೆಯುವ ಕೆಲಸ ಅವನದು, ಬಿಡುವಿನಲ್ಲಿ ಯೂಟ್ಯೂಬ್ ಚಾನೆಲ್. ವಿಡಿಯೊಗಳಿಗೆ ಜಾಹೀರಾತಿನಿಂದ ಒಂದಿಷ್ಟು ಹಣ ಬರುತ್ತಿತ್ತು. ನೀನು ಆಟಗಾರನೆಂಬುದು ಕಾಣದಂಥ ವಿಡಿಯೊಗಳಿಂದ ಮಾತ್ರ ದುಡಿದುಕೋ ಎಂದು ಎನ್‌ಸಿಎಎ ಷರತ್ತು ಹಾಕಿತು. ಅವನು ಒಪ್ಪಲಿಲ್ಲ. 2017ರ ಜುಲೈನಲ್ಲಿ ಆಡುವ ಅರ್ಹತೆಯೂ ಹೋಯಿತು, ಸ್ಕಾಲರ್‌ಶಿಪ್ಪೂ ಹೋಯಿತು. ಅದೇ ಋತುವಿನಲ್ಲಿ ತಂಡ ಒಂದೂ ಪಂದ್ಯ ಸೋಲಲಿಲ್ಲ. ಅಂತಿಮ ಸುತ್ತಿಗೆ ಕರೆಯದಿದ್ದರೂ ವಿಶ್ವವಿದ್ಯಾಲಯ ತನ್ನನ್ನು ತಾನೇ ರಾಷ್ಟ್ರೀಯ ಚಾಂಪಿಯನ್ ಎಂದು ಘೋಷಿಸಿಕೊಂಡು, ಡಿಸ್ನಿ ವರ್ಲ್ಡ್‌ನಲ್ಲಿ ಮೆರವಣಿಗೆಯನ್ನೂ ಮಾಡಿತು. ಪ್ರಚಾರದ ಕಲೆಯಲ್ಲಿ ಹುಡುಗನೇ ವಾಸಿಯೋ ವಿಶ್ವವಿದ್ಯಾಲಯವೇ ವಾಸಿಯೋ, ನನಗಂತೂ ತೀರ್ಮಾನಿಸಲಾಗಿಲ್ಲ.

ಕಥೆಗೆ ಬಾಲ ಇದೆ. 2022ರ ಏಪ್ರಿಲ್‌ನಲ್ಲಿ ಇದೇ ವಿಶ್ವವಿದ್ಯಾಲಯ ತನ್ನ ವಸಂತದ ಪ್ರದರ್ಶನ ಪಂದ್ಯಕ್ಕೆ ಆಟಗಾರರ ಬೆನ್ನ ಮೇಲೆ ನಂಬರಿನ ಬದಲು ಕ್ಯೂಆರ್ ಕೋಡ್ ಹಚ್ಚಿ ಕಣಕ್ಕೆ ಇಳಿಸಿತು. ಫೋನ್ ಹಿಡಿದರೆ ಆ ಹುಡುಗನ ಪುಟ, ಅವನ ಸಾಮಾಜಿಕ ಮಾಧ್ಯಮದ ಖಾತೆಗಳು, ಅವನ ಹೆಸರಿನ ಸರಕು. ಐದು ವರ್ಷದ ಹಿಂದೆ ಹೊರಹಾಕಲು ಕಾರಣವಾಗಿದ್ದ ಕೆಲಸ ಈಗ ತಂಡಕ್ಕೆ ಹೊಸ ಹುಡುಗರನ್ನು ಸೆಳೆಯುವ ಆಕರ್ಷಣೆಯಾಗಿತ್ತು.

ನಡುವೆ ಬದಲಾದದ್ದು ಕಾನೂನು. 2019ರಲ್ಲಿ ಕ್ಯಾಲಿಫೋರ್ನಿಯಾ, ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಬಹುದೆಂಬ ಕಾನೂನು ಮಾಡಿ ದಾರಿ ತೋರಿತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಸಂಪಾದಿಸಬಹುದಾಯಿತು. ಯಾವ ಕಾಲೇಜಿಗೂ ತಾನಾಗಿ ಜ್ಞಾನೋದಯವಾಗಲಿಲ್ಲ ಎಂಬುದು ಗಮನದಲ್ಲಿರಲಿ.

ಅಲ್ಲಿಂದ ಟೀಕೆಯ ಬಾಣ ಹೆಣ್ಣುಮಕ್ಕಳತ್ತ ತಿರುಗಿತು. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ನಾಸ್ಟ್ ಒಲಿವಿಯಾ ಡನ್ ಟಿಕ್‌ಟಾಕ್, ಇನ್‌ಸ್ಟಾಗ್ರಾಂಗಳಲ್ಲಿ ಲಕ್ಷಗಟ್ಟಲೆ ಜನರನ್ನು ಸೆಳೆದು ದೊಡ್ಡ ಮೊತ್ತ ಗಳಿಸಿದಾಗ, ಸ್ಟ್ಯಾನ್‌ಫರ್ಡ್‌ನ ಹಿರಿಯ ಬ್ಯಾಸ್ಕೆಟ್‌ಬಾಲ್ ಕೋಚ್ ಟಾರಾ ವ್ಯಾನ್‌ಡರ್‌ವೀರ್ ಇದು ಮಹಿಳಾ ಕ್ರೀಡೆಯನ್ನು ಹಿಂದಕ್ಕೆ ಒಯ್ಯುತ್ತದೆಂಬ ಅರ್ಥದ ಮಾತಾಡಿದರು. ದಶಕಗಟ್ಟಲೆ ಹುಡುಗಿಯರನ್ನು ಆಟದಿಂದಲೇ ಮೇಲೆತ್ತಿದವರು ಅವರು. ಅವರ ಕಳವಳ ಪೊಳ್ಳಲ್ಲ. ಮಾರುಕಟ್ಟೆ ಅಂಕಕ್ಕಿಂತ ಅಂದಕ್ಕೆ ಹೆಚ್ಚು ಕೊಡುತ್ತದೆ ಎಂಬುದು ನಿಜ. ಆದರೆ ಬೈಗುಳ ಇಪ್ಪತ್ತರ ಹುಡುಗಿಗೇಕೆ? ಮಹಿಳೆಯರ ಆಟವನ್ನು ಆಟವೆಂದು ಮಾರಲು ಎನ್‌ಸಿಎಎ ಎಂದಾದರೂ ಮನಸ್ಸು ಮಾಡಿತ್ತೇ? 2021ರ ಮಾರ್ಚ್‌ನಲ್ಲಿ ಒರೆಗಾನ್ ಬ್ಯಾಸ್ಕೆಟ್‌ಬಾಲ್ ತಂಡದ ಸೆಡೋನಾ ಪ್ರಿನ್ಸ್ ಪುಟ್ಟ ವಿಡಿಯೊ ಹಾಕುವವರೆಗೂ, ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಪುರುಷರಿಗೆ ಸಭಾಂಗಣದಷ್ಟು ಜಿಮ್, ಮಹಿಳೆಯರಿಗೆ ಒಂದು ಸ್ಟ್ಯಾಂಡ್ ಡಂಬೆಲ್ ಎಂಬ ವ್ಯವಸ್ಥೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪುರುಷರ ಪಂದ್ಯಾವಳಿಯ ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಹೆಸರನ್ನು ಮಹಿಳೆಯರ ಪಂದ್ಯಾವಳಿಗೂ ಬಳಸಲು ಶುರುಮಾಡಿದ್ದು 2022ರಲ್ಲಿ, ಆ ವಿಡಿಯೊ ಎಬ್ಬಿಸಿದ ಗದ್ದಲದ ಮೇಲೆ. ಎರಡೇ ವರ್ಷಕ್ಕೆ, ಕೇಟ್ಲಿನ್ ಕ್ಲಾರ್ಕ್ ಆಡಿದ ಫೈನಲ್ಲನ್ನು ಅಮೆರಿಕದಲ್ಲಿ ಸುಮಾರು 1.89 ಕೋಟಿ ಜನ ನೋಡಿದರು. ಆ ವರ್ಷ ಪುರುಷರ ಫೈನಲ್ ನೋಡಿದವರು 1.48 ಕೋಟಿ. ಕೋಟಿಗಟ್ಟಲೆ ಖರ್ಚಿನ ಪ್ರಚಾರ ವಿಭಾಗಕ್ಕೆ ಕಾಣದ್ದು ಒಬ್ಬ ಆಟಗಾರ್ತಿಯ ಫೋನಿಗೆ ಕಂಡಿತ್ತು.

ಕಾಲೇಜಿನ ಪ್ರಚಾರಯಂತ್ರ ತಾನೇ ತಾನಾಗಿ ಓಡಿದರೆ ಎಲ್ಲಿಗೆ ಹೋಗುತ್ತದೆಂಬುದಕ್ಕೂ ಲೂಸಿಯಾನಾ ಸ್ಟೇಟೇ ಸಾಕ್ಷಿ. ಸೀಸರ್ಸ್ ಎಂಬ ಬೆಟ್ಟಿಂಗ್ ಕಂಪನಿಯೊಂದಿಗೆ 2021ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ, ಬಾಜಿ ಕಟ್ಟಿ ಎಂಬ ಪ್ರಚಾರದ ಇಮೇಲ್ ವಿದ್ಯಾರ್ಥಿಗಳಿಗೂ ಹೋಯಿತು. ಬೆಟ್ಟಿಂಗಿಗೆ ಬೇಕಾದ 21 ವರ್ಷ ತುಂಬದವರೂ ಅದರಲ್ಲಿದ್ದರು. ಕೊಲರಾಡೊ ವಿಶ್ವವಿದ್ಯಾಲಯಕ್ಕಂತೂ ಪಾಯಿಂಟ್ಸ್‌ಬೆಟ್ ಕಂಪನಿ ತನ್ನ ಕೋಡ್ ಬಳಸಿ ಸೇರುವ ಪ್ರತಿ ಹೊಸ ಗಿರಾಕಿಗೂ 30 ಡಾಲರ್ ಕೊಡಲು ಒಪ್ಪಿತ್ತು. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ, 2023ರಲ್ಲಿ ವಿಶ್ವವಿದ್ಯಾಲಯ ಒಪ್ಪಂದ ಕಳಚಿಕೊಂಡಿತು. ಬಾಜಿ ಸೋತವರ ಸಿಟ್ಟು ಯಾರ ಮೇಲೆ ಹರಿಯುತ್ತದೆ? ಆಟಗಾರರ ಇನ್‌ಬಾಕ್ಸಿಗೆ. ಎನ್‌ಸಿಎಎ ತಾನೇ ಮಾಡಿಸಿದ ಅಧ್ಯಯನದಲ್ಲಿ 5,000ಕ್ಕೂ ಹೆಚ್ಚು ನಿಂದನೆಯ ಪೋಸ್ಟ್‌ಗಳು ದೃಢಪಟ್ಟಿವೆ, ಅವುಗಳಲ್ಲಿ ಒಂದಷ್ಟು ಬೆಟ್ಟಿಂಗಿಗೆ ಸಂಬಂಧಿಸಿದವು. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟ, ಆಟಗಾರರು ಮತ್ತು ಎನ್‌ಸಿಎಎ ನಡುವಿನ ‘ಹೌಸ್’ ಒಡಂಬಡಿಕೆಯೊಂದಿಗೆ ಜಗಳ ಮುಗಿಯಿತೆಂದು ಹಲವರು ನಿಟ್ಟುಸಿರು ಬಿಟ್ಟರು. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ 280 ಕೋಟಿ ಡಾಲರ್ ಪರಿಹಾರ; ಇನ್ನು ಮುಂದೆ ಕಾಲೇಜೇ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಟೆನ್ನೆಸಿ ವಿಶ್ವವಿದ್ಯಾಲಯ ಅಷ್ಟರಲ್ಲಾಗಲೇ ಫುಟ್‌ಬಾಲ್ ಟಿಕೆಟ್ ಮೇಲೆ ಶೇ 10ರ ‘ಪ್ರತಿಭಾ ಶುಲ್ಕ’ ಹೇರಿ, ಹೊರೆಯನ್ನು ಪ್ರೇಕ್ಷಕನ ಹೆಗಲಿಗೆ ದಾಟಿಸಿಯಾಗಿತ್ತು.

ಆದರೆ ಈ ಹೊಸ ಕರಾರುಗಳನ್ನು ಹೇಗೆ ಬರೆಯುತ್ತಾರೆ ನೋಡಿ. ಕಾಲೇಜು ಕೊಳ್ಳುವುದು ಆಟಗಾರನ ಹೆಸರು, ಮುಖಗಳನ್ನು ಬಳಸುವ ಪರವಾನಗಿಯನ್ನು. ಮುಂಜಾನೆಯ ಕಸರತ್ತು, ವಿಮಾನ ಪ್ರಯಾಣ, ತರಗತಿ ತಪ್ಪಿಸಿ ಆಡುವ ಪಂದ್ಯ ಯಾವುದೂ ಕೆಲಸವಲ್ಲ. ಫೋಟೊ ಮಾತ್ರ ಸರಕು. ಹೀಗಾಗಿ ಮೊಣಕಾಲು ಮುರಿದರೆ ಕಾರ್ಮಿಕನಿಗೆ ಸಿಗುವ ಪರಿಹಾರವಿಲ್ಲ, ಸಂಘ ಕಟ್ಟುವ ಹಕ್ಕಿಲ್ಲ. ಹೊರಗಿನ ಕಂಪನಿಯೊಂದಿಗೆ ಹುಡುಗ 600 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಜಾಹೀರಾತು ಮಾಡಿದರೆ ಅದನ್ನು ವರದಿ ಮಾಡಿ ತಪಾಸಣೆಗೆ ಒಡ್ಡಬೇಕು. ಕಾಲೇಜು ತನ್ನ ಪ್ರಾಯೋಜಕರಿಂದ ಪಡೆಯುವ ಹಣಕ್ಕೆ ಅಂಥ ಕಾವಲುಗಾರ ಯಾರೂ ಇಲ್ಲ.

ಇದಕ್ಕೆ ಎದುರುವಾದ ಇಲ್ಲವೆಂದಲ್ಲ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ದುಡ್ಡಿನಲ್ಲೇ ಈಜು, ಕುಸ್ತಿ, ಓಟಗಳು ಬದುಕಿವೆ, ಆಟಗಾರರನ್ನು ನೌಕರರೆಂದರೆ ಅವು ಮುಚ್ಚಿಹೋಗುತ್ತವೆ ಎನ್ನುತ್ತಾರೆ. ಸಣ್ಣ ಕಾಲೇಜುಗಳ ಮಟ್ಟಿಗೆ ಈ ಭಯ ನಿಜವಿರಬಹುದು. ಫುಟ್‌ಬಾಲ್ ಕೋಚ್‌ಗಳಿಗೆ ವರ್ಷಕ್ಕೆ 1 ಕೋಟಿ ಡಾಲರ್ ಮೀರಿ ಸಂಬಳ ಕೊಡುವ ಅಲಬಾಮಾ, ಜಾರ್ಜಿಯಾಗಳು ಈಜುಕೊಳದ ಕಥೆ ಹೇಳಿ ಅಳುವಾಗ ಮಾತ್ರ ನನಗೆ ಕನಿಕರ ಹುಟ್ಟುವುದಿಲ್ಲ.

ನಮ್ಮವರಿಗೂ ಇದರಲ್ಲಿ ಪಾಲಿದೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಎಲ್ಲ ವಿದ್ಯಾರ್ಥಿಗಳಿಂದಲೂ ಕ್ರೀಡಾ ಶುಲ್ಕ ವಸೂಲು ಮಾಡುತ್ತವೆ. ಸಾಲ ಮಾಡಿ ಎಂ.ಎಸ್. ಓದಲು ಹೋದ ಮೈಸೂರಿನ ಹುಡುಗಿ ಒಂದೂ ಪಂದ್ಯ ನೋಡದೆ ಅದನ್ನು ಕಟ್ಟುತ್ತಾಳೆ. ವಿದ್ಯಾರ್ಥಿ ವೀಸಾದಲ್ಲಿ ಆಡಲು ಹೋದವರ ಪಾಡು ಇನ್ನೂ ವಿಚಿತ್ರ. ಪರ್ಡ್ಯೂ ವಿಶ್ವವಿದ್ಯಾಲಯದ ಜ್ಯಾಕ್ ಈಡಿ ಸತತ ಎರಡು ವರ್ಷ ದೇಶದ ಅತ್ಯುತ್ತಮ ಬ್ಯಾಸ್ಕೆಟ್‌ಬಾಲ್ ಆಟಗಾರನಾಗಿದ್ದ, ತಂಡದ ಮುಖವೇ ಅವನಾಗಿದ್ದ. ಆದರೆ ಕೆನಡಾದವನಾದ್ದರಿಂದ ಅಮೆರಿಕದ ನೆಲದಲ್ಲಿ ನಿಂತು ಜಾಹೀರಾತು ಮಾಡಿ ಸಂಪಾದಿಸುವುದಕ್ಕೆ ವೀಸಾ ನಿಯಮ ಅಡ್ಡ ಬಂದಿತ್ತು. ಕಾನ್ಸಾಸ್ ಸ್ಟೇಟ್‌ಗಾಗಿ ಎರಡು ಸಲ ಎತ್ತರ ಜಿಗಿತದ ರಾಷ್ಟ್ರೀಯ ಪ್ರಶಸ್ತಿ ಗೆದ್ದ ನಮ್ಮ ತೇಜಸ್ವಿನ್ ಶಂಕರ್ ಅವರಂಥವರು ಹೋದ ದಾರಿಯಲ್ಲಿ ನಾಳೆ ಬೆಂಗಳೂರಿನ ಈಜುಗಾರರೂ ಹೋಗುತ್ತಾರೆ. ಕಾಲೇಜಿನ ಪುಟಕ್ಕೆ ಅವರ ಚಿತ್ರ ಹಾಕಲು ಮಾತ್ರ ಯಾವ ವೀಸಾವೂ ಬೇಕಾಗುವುದಿಲ್ಲ. ಅಡ್ಮಿಷನ್ ಸಮಯದಲ್ಲಿ ಪದಕ ಗೆದ್ದ ಮಕ್ಕಳ ಮುಖವನ್ನು ಫ್ಲೆಕ್ಸಿಗೆ, ರೀಲ್ಸಿಗೆ ಹಾಕಿಕೊಳ್ಳುವ ನಮ್ಮ ಖಾಸಗಿ ಕಾಲೇಜುಗಳೂ ಆ ಮಕ್ಕಳೊಂದಿಗೆ ಕರಾರು ಮಾಡಿಕೊಂಡದ್ದನ್ನು ನಾನಂತೂ ಕೇಳಿಲ್ಲ.

ಕೇಳಬೇಕಾದದ್ದು ಸರಳ. ಆಟಗಾರರನ್ನು ನೌಕರರೆಂದು ಒಪ್ಪಿಕೊಳ್ಳಿ. ಗಾಯಕ್ಕೆ ಪರಿಹಾರ, ದುಡಿಮೆಗೆ ಮಿತಿಯಿರುವ ಗಂಟೆಗಳು, ಕಾಲೇಜಿನ ಪುಟದಲ್ಲಿ ತಮ್ಮ ಚಿತ್ರ ಎಲ್ಲಿಯವರೆಗೆ, ಯಾವ ಪ್ರಾಯೋಜಕನ ಪಕ್ಕದಲ್ಲಿ ಇರಬೇಕೆಂದು ಹೇಳುವ ಹಕ್ಕು, ಇವೆಲ್ಲ ಸಂಘದೊಂದಿಗೆ ಕೂತು ಆಗುವ ಕರಾರಿನಲ್ಲಿ ಬರಲಿ. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಟಗಾರರು 13–2 ಮತಗಳಿಂದ ಸಂಘ ಸೇರಲು ತೀರ್ಮಾನಿಸಿದ್ದರು. ಕಾಲೇಜು ಅವರೊಂದಿಗೆ ಮಾತುಕತೆಗೇ ಕೂರಲಿಲ್ಲ. ವಾಷಿಂಗ್ಟನ್ನಿನಲ್ಲಿ ಸರ್ಕಾರ ಬದಲಾಗುವುದಿತ್ತು, ಕಾರ್ಮಿಕ ಮಂಡಳಿಯ ಒಲವೂ ಬದಲಾಗುವುದು ಖಚಿತವಿತ್ತು. ಆ ವರ್ಷದ ಕೊನೆಯ ದಿನ ಸಂಘ ಮಂಡಳಿಗೆ ಕೊಟ್ಟಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆಯಿತು.