ಪಂಕ್ತಿಯ ಎಲೆಗೆ ಯಾರ ಹೊಲದ ರಾಗಿ?



ಕಾಫಿಯ ಧಾರಣೆ, ಅಡಿಕೆಯ ಧಾರಣೆ, ಗೊಬ್ಬರದ ದರ, ಆಳುಗಳ ಅಭಾವ - ನಾವು ನಾಲ್ಕು ಜನ ಸೇರಿದಲ್ಲಿ ಮಾತು ಸುತ್ತುವುದು ಇವುಗಳನ್ನೇ. ಈ ಸಲ ಊಟದ ವಿಷಯ ಬರೆಯುತ್ತಿದ್ದೇವೆ. ಇದು ಹೆಂಗಸರ ವಿಷಯ, ಅಡುಗೆಮನೆಯ ವಿಷಯ ಎಂದು ಪುಟ ಮಗುಚಬಾರದಾಗಿ ಕೋರಿಕೆ. ಸಣ್ಣ ಬೆಳೆಗಾರನ ಉಳಿವು ಅಳಿವು ಇದರಲ್ಲಿಯೂ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕೊಳ್ಳೇಗಾಲದ ಸೀಮೆಯಲ್ಲಿ ಊಟವೇ ಪೂಜೆಯಾಗುವ ಒಂದು ಜಾತ್ರೆಯಿದೆ. ಅದು ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಜಾತ್ರೆ. ಮಂಟೇಸ್ವಾಮಿಯವರ ಶಿಶುಮಗನಾದ ಸಿದ್ಧಪ್ಪಾಜಿಯ ಗದ್ದುಗೆಯ ಮುಂದೆ ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಇಡುವುದರೊಂದಿಗೆ ಐದು ದಿನಗಳ ಜಾತ್ರೆ ಮೊದಲಾಗುತ್ತದೆ. ಜ್ವಾಲೆ ಯಾವ ದಿಕ್ಕಿಗೆ ಹೆಚ್ಚು ವಾಲುತ್ತದೋ ಆ ದಿಕ್ಕಿನ ಊರುಗಳಿಗೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಅನಂತರ ದೊಡ್ಡವರ ಸೇವೆ, ಮುಡಿ ಸೇವೆ; ನಾಲ್ಕನೆಯ ದಿನ ಪಂಕ್ತಿ ಸೇವೆ, ಜನರ ಬಾಯಲ್ಲಿ ಪಂತಿ ಸೇವೆ; ಕೊನೆಯ ದಿನ ಮುತ್ತತ್ತಿರಾಯನ ಸೇವೆ. ಪಂಕ್ತಿ ಸೇವೆಯ ದಿನ ಬಯಲಿನಲ್ಲೆಲ್ಲ ಬಿಡಾರಗಳು. ಮೂರು ಕಲ್ಲಿನ ಒಲೆ ಹೂಡಿ, ಅಡುಗೆ ಮಾಡಿ, ಸಿದ್ಧಪ್ಪಾಜಿಗೆ ಎಡೆ ಇಟ್ಟು, ಜಾತಿ ಕುಲ ಕೇಳದೆ ಸಾಲಾಗಿ ಕುಳಿತು ಉಣ್ಣುವುದೇ ಅಂದಿನ ಸೇವೆ.

ಈ ಎಡೆಯಲ್ಲಿ ಮಾಂಸದ ಅಡುಗೆಯೂ ಉಂಟು. 1959ರ ಪ್ರಾಣಿಬಲಿ ತಡೆ ಕಾಯಿದೆಯ ಹೆಸರಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಧಿಕಾರಿಗಳಿಗೂ ಭಕ್ತರಿಗೂ ನಡೆದ ವಾದವನ್ನು ಎಲ್ಲರೂ ಬಲ್ಲರು. ಇದು ಬಲಿಯಲ್ಲ, ನಮ್ಮ ಊಟ ಎಂಬುದು ಭಕ್ತರ ಮಾತು. ಆ ವಾದದ ತೀರ್ಮಾನ ಈ ಪುಟದ ಕೆಲಸವಲ್ಲ. ನಾವು ಕೇಳುವ ಪ್ರಶ್ನೆ ಬೇರೆ. ಎಲೆಯ ಮೇಲಿನ ಮುದ್ದೆ ಯಾರ ಹೊಲದ್ದು?

ಜಾತ್ರೆಯ ಕಾಲವನ್ನು ಗಮನಿಸಿ. ರಾಗಿಯ ಕಟಾವು ಮುಗಿದು, ಕಣ ಮಾಡಿ, ಕಾಳು ಮನೆ ಸೇರುವ ಹೊತ್ತು. ಅವರೆಕಾಯಿಯ ಸೊಗಡು ಇನ್ನೂ ಹೊಲದಲ್ಲಿರುವ ಹೊತ್ತು. ನಮ್ಮ ಹಿರಿಯರು ಹೊಸ ರಾಗಿಯ ಹಿಟ್ಟನ್ನು ಗಾಡಿಯಲ್ಲಿ ಹೇರಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ಅದರ ಜೊತೆಗೆ ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳು. ವರ್ಷದ ದುಡಿಮೆಯ ಮೊದಲ ತುತ್ತನ್ನು ದೇವರಿಗೂ ನೆರೆಯವರಿಗೂ ಕೊಟ್ಟು ಉಂಡ ಮೇಲೆ ಉಳಿದದ್ದು ಹಗೇವಿಗೆ ಹೋಗುತ್ತಿತ್ತು.

ಇತ್ತೀಚೆಗೆ ಈ ಜಾತ್ರೆಗೆ ಹೋದಾಗ ನಾವು ಬಿಡಾರದಿಂದ ಬಿಡಾರಕ್ಕೆ ತಿರುಗಿ ವಿಚಾರಿಸಿದೆವು. ಭಕ್ತಿಗೆ ಕೊರತೆಯಿಲ್ಲ, ಕರೆದು ಬಡಿಸುವ ಕೈಗೂ ಕೊರತೆಯಿಲ್ಲ. ಆದರೆ ಹಿಟ್ಟು ಅಂಗಡಿಯದು, ಬೇಳೆ ಅಂಗಡಿಯದು ಎಂದವರೇ ಹೆಚ್ಚು. ಇದ್ದ ಒಂದೂವರೆ ಎರಡು ಎಕರೆಗೂ ಅಡಿಕೆ ಇಟ್ಟಾಯಿತು, ಇನ್ನು ರಾಗಿ ಎಲ್ಲಿ ಬಿತ್ತುವುದು ಎಂದು ನಮ್ಮನ್ನೇ ಕೇಳಿದವರೂ ಇದ್ದರು.

ಯಳಂದೂರಿನ ಮೇಲಣ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ರೊಟ್ಟಿ ಹಬ್ಬವೆಂಬುದಿದೆ. ರಾಗಿ ಬೆಳೆದ ಸಂತೋಷಕ್ಕೆ ರೊಟ್ಟಿ ಸುಟ್ಟು, ದೇವರಿಗೆ ಒಪ್ಪಿಸಿ, ಹಂಚಿ ತಿನ್ನುವ ಹಬ್ಬ. 1974ರಲ್ಲಿ ಆ ಕಾಡು ವನ್ಯಧಾಮವಾದ ಮೇಲೆ ಸೋಲಿಗರ ಕುಮರಿ ಬೇಸಾಯ ನಿಂತಿತು, ಬಿತ್ತುವ ನೆಲ ಕಿರಿದಾಯಿತು. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಅನೇಕ ಪೋಡುಗಳಿಗೆ ಸಮುದಾಯ ಹಕ್ಕು ದೊರೆಯಿತು. ಇಂದು ಕಾಡುಮರಗಳ ನೆರಳಿನಲ್ಲಿ ಕಾಫಿ ಬೆಳೆಯುವ ಸೋಲಿಗ ಕುಟುಂಬಗಳು ಹಲವಿವೆ. ಕಾಫಿ ಅವರ ಕೈಗೆ ಕಾಸು ತಂದಿದೆ; ಅದು ಒಳ್ಳೆಯದೇ. ಆದರೆ ಕಾಫಿಯ ಹಣ್ಣಿನಿಂದ ರೊಟ್ಟಿ ತಟ್ಟಲಾಗದು. ರಾಗಿಯಿಲ್ಲದ ರೊಟ್ಟಿ ಹಬ್ಬ ಕುಣಿತವಾಗಿ ಉಳಿದೀತು, ಹಬ್ಬವಾಗಿ ಉಳಿಯದು.

ಇದು ನಮ್ಮ ಸೀಮೆಯೊಂದರ ಮಾತಲ್ಲ. ಯೂರೋಪಿನ ಸೆರ್ಬಿಯಾ ದೇಶದಲ್ಲಿ 'ಸ್ಲಾವಾ' ಎಂಬ ಆಚರಣೆಯಿದೆ. ನಮ್ಮಲ್ಲಿ ಮನೆದೇವರಿದ್ದಂತೆ ಅಲ್ಲಿ ಒಂದೊಂದು ಮನೆತನಕ್ಕೂ ಒಬ್ಬ ಸಂತ. ಆ ಸಂತನ ದಿನದಂದು ದೀಪ ಹಚ್ಚಿ, ವಿಶೇಷವಾಗಿ ಮಾಡಿದ ರೊಟ್ಟಿಯನ್ನೂ ಬೇಯಿಸಿದ ಗೋಧಿಯನ್ನೂ ಇಟ್ಟು, ಬಂದವರಿಗೆಲ್ಲ ಊಟ ಹಾಕುತ್ತಾರೆ. 2014ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಪೂಜೆಯ ನಡುವೆ ಇರುವುದು ಗೋಧಿ, ಇಲ್ಲಿ ರಾಗಿ. ದೇಶ ಬೇರೆ, ದೇವರು ಬೇರೆ. ಒಕ್ಕಲಿಗನ ಮನಸ್ಸು ಒಂದೇ.

ಪೇಟೆಗಳಲ್ಲಿ ಈಗ ಸಿರಿಧಾನ್ಯ ಮೇಳ, ಆಹಾರ ಮೇಳಗಳು ನಡೆಯುತ್ತವೆ. 2023ನೆಯ ಇಸವಿಯನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದೇ ಆಚರಿಸಿತು. ಪಟ್ಟಣದವರು ಚೀಟಿ ಕೊಂಡು ಮುದ್ದೆ ಬಸ್ಸಾರು ಉಂಡು ಹೊಗಳುತ್ತಾರೆ. ಸಂತೋಷ. ಆದರೆ ಊರಿನಲ್ಲಿ ಬೆಳೆಯುವುದನ್ನು ಬಿಟ್ಟು ಪೇಟೆಯಲ್ಲಿ ಮೇಳ ಮಾಡಿದರೆ ಅದು ಬೇರು ಕಡಿದು ಕೊಂಬೆಗೆ ನೀರು ಹಾಕಿದಂತೆ.

ಅರ್ಧ ಎಕರೆ ರಾಗಿಯಲ್ಲಿ ಏನು ಬರುತ್ತದೆ, ಅದೇ ಅರ್ಧ ಎಕರೆ ಅಡಿಕೆಯಲ್ಲಿ ಎಷ್ಟು ಬರುತ್ತದೆ ಎಂದು ಸದಸ್ಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಧಾರಣೆ ಏರಿದ ವರ್ಷ ರಾಗಿ ಅಡಿಕೆಗೆ ಸಮನಾಗದು, ಒಪ್ಪುತ್ತೇವೆ. ಆದರೆ ಧಾರಣೆ ನಮ್ಮ ಕೈಯಲ್ಲಿಲ್ಲ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದಾಗ ಲೋಕದ ಪೇಟೆಯಲ್ಲಿ ಕಾಫಿಯ ಬೆಲೆ ಕುಸಿಯಿತು. 1996ರ ಹೊತ್ತಿಗೆ ನಮ್ಮ ಕಾಫಿ ಮಂಡಳಿಯ ಪೂಲ್ ಪದ್ಧತಿಯೂ ಕೊನೆಗೊಂಡಿತು. 2001ರ ಸುಮಾರಿಗೆ ಬೆಲೆ ಮತ್ತೆ ಪಾತಾಳಕ್ಕಿಳಿದು, ಕೊಯ್ಲಿನ ಕೂಲಿಯೂ ಹುಟ್ಟದೆ ಬೆಳೆಗಾರರು ಪಟ್ಟ ಪಾಡು ಹಿರಿಯ ಸದಸ್ಯರಿಗೆ ನೆನಪಿದೆ. ಅಡಿಕೆಯ ಸಸಿ ಇಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟು ದಿನ ಮನೆಯ ಹೊಟ್ಟೆ ಕಾಯುವುದಿಲ್ಲ. ಕೊಳವೆ ಬಾವಿ ಬತ್ತಿದರೆ ತೋಟ ಒಣಗುತ್ತದೆ. ರಾಗಿ ಹದ ಮಳೆಗೆ ನಿಲ್ಲುತ್ತದೆ, ವರ್ಷಗಟ್ಟಲೆ ಇಟ್ಟರೂ ಸುಲಭವಾಗಿ ಹುಳು ಬೀಳುವುದಿಲ್ಲ.

ಲೆಕ್ಕ ಹಾಕೋಣ. ಐದು ಜನರ ಮನೆಗೆ ದಿನಕ್ಕೆ 1 ಕಿಲೋ ಹಿಟ್ಟು ಎಂದರೆ ವರ್ಷಕ್ಕೆ 365 ಕಿಲೋ, ನಾಲ್ಕು ಕ್ವಿಂಟಾಲಿಗೂ ಕಡಮೆ. ಒಳ್ಳೆಯ ಮಳೆಯ ವರ್ಷ ಅರ್ಧ ಎಕರೆ ಖುಷ್ಕಿಯಲ್ಲಿ ಇದರ ಬಹುಪಾಲು ಬೆಳೆದುಕೊಳ್ಳಬಹುದು. ರಾಗಿಯ ಬೆಂಬಲ ಬೆಲೆ 2023-24ರಲ್ಲಿ ಕ್ವಿಂಟಾಲಿಗೆ 3,846 ರೂಪಾಯಿ ಇದ್ದದ್ದು 2025-26ಕ್ಕೆ 4,886 ರೂಪಾಯಿ ಆಗಿದೆ. ಬೆಳೆದು ಮಾರುವವನಿಗೆ ಇದು ಲಾಭ. ಕೊಂಡು ತಿನ್ನುವವನಿಗೆ ಖರ್ಚು. ನಾವು ಯಾವ ಸಾಲಿನಲ್ಲಿ ನಿಲ್ಲಬೇಕು?

ಕಷ್ಟಗಳಿಲ್ಲವೆಂದು ನಾವು ಹೇಳುವುದಿಲ್ಲ. ಕಳೆ ಕೀಳಲು, ಕೊಯ್ಯಲು ಆಳು ಸಿಗುವುದಿಲ್ಲ. ಹನೂರಿನ ಕಾಡಂಚಿನಲ್ಲಿ ಹಂದಿ, ಆನೆಗಳ ಕಾಟದಿಂದ ರಾತ್ರಿ ಕಾವಲು ತಪ್ಪದು. ಬೆಳೆದು ನಿಂತ ಅಡಿಕೆ ತೋಟದ ನೆರಳಿನಲ್ಲಿ ರಾಗಿ ಬಾರದು. ಅದಕ್ಕೆ ಬಿಸಿಲು ಬೀಳುವ ನೆಲ ಬೇರೆಯೇ ಬೇಕು. ಆದುದರಿಂದಲೇ ಇರುವ ನೆಲಕ್ಕೆಲ್ಲ ಸಸಿ ಇಡುವ ಮೊದಲು ಯೋಚಿಸಿ ಎನ್ನುತ್ತಿದ್ದೇವೆ. ಸಸಿ ಇಟ್ಟಾಗಿದ್ದರೆ, ನೆರಳು ಕೂಡುವವರೆಗಿನ ಮೊದಲ ವರ್ಷಗಳಲ್ಲಿ ಸಾಲುಗಳ ನಡುವೆ ಅಲಸಂದೆ, ಹೆಸರು, ತರಕಾರಿ ಬೆಳೆದುಕೊಳ್ಳಬಹುದು.

ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅರಾಬಿಕಾ ಕಾಫಿಯ ತವರೂ ಅಲ್ಲಿಯ ಇಥಿಯೋಪಿಯಾವೇ. ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮಂಡ್ಯದ ರಾಗಿ ಲಕ್ಷ್ಮಣಯ್ಯನವರ ಶ್ರಮ ನಮ್ಮ ನೆರೆಯಲ್ಲಿಯೇ ನಡೆದದ್ದು. ಒಂದೇ ಸೀಮೆಯಿಂದ ಬಂದ ಎರಡು ಬೆಳೆಗಳಲ್ಲಿ ಒಂದು ಕಾಸಿಗೆ, ಒಂದು ಕೂಳಿಗೆ. ಒಂದನ್ನು ಸಾಕಿ ಇನ್ನೊಂದನ್ನು ಹೊರಹಾಕುವುದು ಸಂಸಾರಸ್ಥನ ಲಕ್ಷಣವಲ್ಲ.

ಸಹಕಾರಿ ಸಂಘಗಳಿಂದಲೂ ಆಗಬೇಕಾದ ಕೆಲಸವಿದೆ. ಗೊಬ್ಬರದ ಜೊತೆಗೆ ರಾಗಿ, ಅವರೆ, ತೊಗರಿಯ ಬಿತ್ತನೆ ಬೀಜವನ್ನೂ ಸದಸ್ಯರಿಗೆ ಒದಗಿಸಬೇಕು. ಒಕ್ಕಣೆ ಯಂತ್ರವನ್ನು ಬಾಡಿಗೆಗೆ ಕೊಡುವ ಏರ್ಪಾಡು ಆಗಬೇಕು. ವಾರ್ಷಿಕ ಮಹಾಸಭೆಯ ಊಟವನ್ನು ಗುತ್ತಿಗೆಯ ಅಡುಗೆಯವರಿಗೆ ವಹಿಸುವ ಬದಲು ಸದಸ್ಯರ ಹೊಲದ ರಾಗಿ, ಸದಸ್ಯರ ಹಿತ್ತಿಲ ಸೊಪ್ಪಿನಿಂದಲೇ ಮಾಡಿಸಬೇಕು; ಕೊಟ್ಟವರಿಗೆ ಪೇಟೆಯ ದರ ಕೊಡಬೇಕು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಆಡಳಿತ ಮಂಡಳಿಯ ಒಂದು ಠರಾವು ಸಾಕು.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ನಮ್ಮದು. ಮುಂಗಾರು ಹದವಾದಾಗ ಒಬ್ಬೊಬ್ಬ ಸದಸ್ಯರೂ ಅರ್ಧ ಎಕರೆ ಅಲ್ಲದಿದ್ದರೆ ಹತ್ತು ಗುಂಟೆಯಾದರೂ ರಾಗಿಗೆ ಬಿಡಲಿ, ಅದರಲ್ಲಿ ಒಂದು ಅಕ್ಕಡಿ ಸಾಲು ಹಾಕಲಿ ಎಂದು ನಾವು ಒತ್ತಾಯಿಸುತ್ತೇವೆ.